ಗೆಲ್ಲದ ಜಟ್ಟಿ

ಅವನ ಎಡಗಿವಿ ಶುಂಠಿ ಕೊಂಬಿನ ಹಾಗೆ ಗಂಟುಗಂಟಾಗಿತ್ತು. ಬಾಗಿಲು ತುಂಬುವಷ್ಟು ಆಳು, ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಯಿತೋ ಹೇಳಲಾಗದು. ಆದರೂ ನನ್ನ ಕಣ್ಣು ಹೋಗಿದ್ದು ಆ ಕಿವಿಗೆ. ನಾಯಂಡಹಳ್ಳಿಯಲ್ಲಿ ನನ್ನದೊಂದು ಕುಶನ್ ಅಂಗಡಿ. ಆಟೋ ಸೀಟು, ಸೋಫಾ, ಏನು ತಂದರೂ ಹೊಲಿದು ಕೊಡುತ್ತೇನೆ. ಅವನು ಬಂದವನೇ ಫೋಮ್ ಬೇಕು ಎಂದ. ತೋರಿಸಿದೆ. ಬೆರಳಲ್ಲಿ ಒತ್ತಿ ನೋಡುತ್ತಾನೆ ಎಂದುಕೊಂಡರೆ, ಎರಡು ಹಾಳೆ ನೆಲಕ್ಕೆ ಹಾಸಿ, ಅದಕ್ಕೆ ಬೆನ್ನು ಮಾಡಿ ನಿಂತು, ಕಡಿದ ಮರದ ಹಾಗೆ ಹಿಂದಕ್ಕೆ ಬಿದ್ದೇಬಿಟ್ಟ. ದಢ್! ಮಿಷನ್ ಮೇಲಿದ್ದ ನನ್ನ ಕಾಫಿ ಲೋಟ ಉರುಳಿತು.

"ಅಯ್ಯೋ ಶಿವನೇ! ಏನಯ್ಯಾ ಆಯ್ತು ನಿಂಗೆ?" ಎಂದು ಕೂಗಿಕೊಂಡೆ.

ಮಲಗಿದಲ್ಲಿಂದಲೇ ಅವನು, "ಇದು ಆಗಲ್ಲ ಅಕ್ಕ, ಮೆತ್ತಗಾಯ್ತು. ಇನ್ನೂ ಗಟ್ಟಿದು ಇದ್ರೆ ಕೊಡಿ," ಎಂದ.

ಅವತ್ತಿನಿಂದ ನಾನು ಅವನನ್ನು ಜಟ್ಟಿ ಎಂದೇ ಕರೆದೆ. ಲಗ್ಗೆರೆಯವನು. ಅಪ್ಪ ಪೀಣ್ಯದಲ್ಲಿ ಲೇತ್ ಮಿಷನ್ ನಡೆಸುತ್ತಿದ್ದವರು. ಇವನು ಚಿಕ್ಕಂದಿನಲ್ಲಿ ಗರಡಿ ಮಣ್ಣು ಮೆತ್ತಿಕೊಂಡು, ಆಮೇಲೆ ಟೀವಿಯಲ್ಲಿ ಬರುವ ಕುಸ್ತಿಗೆ ಮರುಳಾಗಿ, ಪಂಜಾಬಿಗೆ ಹೋಗಿ ಅದನ್ನೇ ಕಲಿತು ಬಂದಿದ್ದ. ಕಬ್ಬಿಣದ ಪೈಪು, ಹಲಗೆ, ಹಗ್ಗ, ನನ್ನ ಫೋಮ್ ಸೇರಿಸಿ ತಾನೇ ಒಂದು ರಿಂಗ್ ಕಟ್ಟಿ, ನನ್ನ ಅಂಗಡಿಯ ಪಕ್ಕದ ಗೋಡೌನಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ಯಾವ ಕಂಪನಿಯ ಹಂಗೂ ಇಲ್ಲ. ಪೋಸ್ಟರ್ ಅಂಟಿಸುವವನೂ ಅವನೇ, ಟಿಕೆಟ್ ಹರಿಯುವವನೂ ಅವನೇ, ಕೊನೆಗೆ ರಿಂಗಿನಲ್ಲಿ ಒದೆ ತಿನ್ನುವವನೂ ಅವನೇ. ವಿಜಯನಗರದಲ್ಲಿ ಗಣೇಶ ಕೂರಿಸಿದವರು ಕರೆದರೂ ಹೋಗುತ್ತಿದ್ದ, ಬಸವೇಶ್ವರನಗರದ ಯಾವುದೋ ಜಿಮ್ಮಿನ ಉದ್ಘಾಟನೆಗೆ ಕರೆದರೂ ಹೋಗುತ್ತಿದ್ದ.

ನನ್ನ ಬಾಯಿ ಬೊಂಬಾಯಿ ಎಂಬುದು ಬೀದಿಗೆಲ್ಲ ಗೊತ್ತು. ಅಂಗಡಿಗೆ ಅಡ್ಡ ನಿಲ್ಲಿಸಿದ್ದ ಟೆಂಪೋದವನಿಗೆ ನಾನು ಒಂದು ದಿನ ಮಂಗಳಾರತಿ ಎತ್ತುತ್ತಿದ್ದಾಗ ಜಟ್ಟಿ ಗೋಡೌನಿನಿಂದ ಹೊರಗೆ ಬಂದು, ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡ. "ಅಕ್ಕ, ಮೈಕ್ ಹಿಡೀತೀರಾ?" ಎಂದ. ಹಾಗೆ ಈ ಕುಶನ್ ಅಂಗಡಿಯವಳು ಕುಸ್ತಿಯ ನಿರೂಪಕಿಯಾದಳು. ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು.

ಮೈಕ್ ಕೈಗೆ ಬಂದರೂ ನನ್ನ ಕುತೂಹಲ ತಣಿಯಲಿಲ್ಲ. ಇದು ನಿಜವೋ ನಾಟಕವೋ? ಒಮ್ಮೆ ನೇರವಾಗಿ ಕೇಳಿಯೇಬಿಟ್ಟೆ. ಅವನು ಅಂಗಿ ಎತ್ತಿ ಬೆನ್ನು ತೋರಿಸಿದ. ಇಡೀ ಬೆನ್ನ ಮೇಲೆ ಕೆಂಪಗೆ ಬರೆ ಬಿದ್ದಿತ್ತು. "ಬೀಳೋದು ನಿಜ ಅಕ್ಕ. ಯಾರು ಬೀಳ್ಬೇಕು ಅನ್ನೋದಷ್ಟೇ ಮಾತಾಡ್ಕೊಂಡಿರ್ತೀವಿ." ಹೊಡೆದಾಡುವಾಗ ಒಬ್ಬರ ಕೈ ಒಬ್ಬರು ಯಾಕೆ ಹಿಡಿದುಕೊಳ್ಳುತ್ತೀರಿ ಎಂದೂ ಕೇಳಿದೆ. ಬಿದ್ದವನ ಕೈ ಮೆಲ್ಲಗೆ ಅದುಮಿದರೆ ಅವನು ತಿರುಗಿ ಅದುಮಬೇಕಂತೆ. ಅದುಮಿದರೆ ಚೆನ್ನಾಗಿದ್ದಾನೆ, ಇಲ್ಲದಿದ್ದರೆ ನಿಜವಾಗಿ ಪೆಟ್ಟಾಗಿದೆ ಎಂದು ಲೆಕ್ಕ. ಅದು ತಿಳಿದ ಮೇಲೆ ನಾನು ಹೊಡೆತ ನೋಡುವುದನ್ನು ಬಿಟ್ಟು ಕೈಗಳನ್ನೇ ನೋಡತೊಡಗಿದೆ.

ಒಂದನ್ನು ಮಾತ್ರ ಹೇಳುತ್ತಿರಲಿಲ್ಲ. ಗೆಲ್ಲುವವರು ಯಾರು? ಎಷ್ಟು ಗೋಗರೆದರೂ ಬಾಯಿ ಬಿಡನು. "ನಿಮ್ಮ ಮುಖದಲ್ಲಿ ಎಲ್ಲಾ ಕಾಣ್ಸುತ್ತೆ ಅಕ್ಕ. ಜನ ಮೊದಲು ನಿಮ್ಮನ್ನೇ ನೋಡ್ತಾರೆ." ಆದರೆ ಅವನದೇ ಆಟದ ಫಲಿತಾಂಶಕ್ಕೇನೂ ಕಣಿ ಕೇಳಬೇಕಿರಲಿಲ್ಲ. ಪ್ರತಿ ಸಲ ಅವನೇ ಸೋಲುತ್ತಿದ್ದ. "ರಿಂಗ್ ನಂದು, ಪೋಸ್ಟರಲ್ಲಿ ಮುಖ ನಂದು. ಗೆಲುವೂ ನಂದೇ ಆದ್ರೆ ಈ ಹುಡುಗ್ರು ಯಾತಕ್ಕೆ ಬರ್ತಾರೆ?" ಎನ್ನುತ್ತಿದ್ದ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅಂತಾರಲ್ಲ, ಇವನಿಗೆ ಬರುತ್ತಿದ್ದದ್ದು ಅದೊಂದೇ ಪಟ್ಟು ಎಂದು ನಾನು ರೇಗಿಸುತ್ತಿದ್ದೆ.

ಆದರೆ ಮನೆಯಲ್ಲಿ ಇದು ತಮಾಷೆಯಾಗಿರಲಿಲ್ಲ. ಅವನ ಮಗಳು ಆಗ ಮೂರನೇ ಕ್ಲಾಸು. ಯಾರೋ ಮೊಬೈಲಿನಲ್ಲಿ ಅವನ ಆಟ ತೋರಿಸಿ, "ನಿಮ್ಮಪ್ಪ ಬರೀ ಒದೆ ತಿಂತಾರೆ" ಎಂದು ಸ್ಕೂಲಿನಲ್ಲಿ ಗೋಳುಹೊಯ್ದುಕೊಂಡಿದ್ದರು. ಅವಳು ಊಟ ಬಿಟ್ಟು ಕೂತು, "ಅಪ್ಪಾ, ಒಂದ್ಸಲಾನೂ ಗೆಲ್ಲಲ್ವಾ ನೀನು?" ಎಂದು ಕೇಳಿದಳಂತೆ. ಇದನ್ನು ಹೇಳುವಾಗ ಜಟ್ಟಿ ನನ್ನ ಕಡೆ ನೋಡಲಿಲ್ಲ, ರೆಕ್ಸಿನ್ ಸುರುಳಿ ಸವರುತ್ತಿದ್ದ. ಆಮೇಲೆ ನಾನು ಎಂದೂ ಕೇಳದ ಮಾತು ಬಂತು. "ರಾಜ್ಯೋತ್ಸವಕ್ಕೆ ಕೆಂಗೇರೀಲಿ ಆಟ ಇದೆ. ನಾನು ಗೆಲ್ತೀನಿ ಅಕ್ಕ. ಅವಳ್ನ ಮುಂದಿನ ಸಾಲಲ್ಲಿ ಕೂರಿಸ್ತೀನಿ. ನೀವು ಜೋರಾಗಿ ಹೇಳ್ಬೇಕು." ನನಗೆ ಎಷ್ಟು ಸಂತೋಷವಾಯಿತೆಂದರೆ, ಏನು ಹೇಳಬೇಕೆಂದು ಅವತ್ತೇ ಯೋಚಿಸಿ, ಕತ್ತರಿ ಆಡಿಸುತ್ತಲೇ ಬಾಯಿಪಾಠ ಮಾಡಿಕೊಂಡೆ.

ಎದುರಾಳಿ ಕೆಂಗೇರಿ ಉಪನಗರದ ಹುಡುಗ. ಜಟ್ಟಿಯ ಶಿಷ್ಯ, ಒಳ್ಳೆ ಚುರುಕು. ಅವನ ತಾಯಿಗೆ ಇದೆಲ್ಲ ಆಗಿಬರುತ್ತಿರಲಿಲ್ಲ. ಒಂದು ಸಲ ಕಣ್ಣಾರೆ ನೋಡ್ತೀನಿ, ಕೈಕಾಲಿಗೆ ಏನಾದ್ರೂ ಆದ್ರೆ ಇವತ್ತಿಗೇ ಮುಗೀತು ಎಂದು ಷರತ್ತು ಹಾಕಿ ಬಂದು ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲೇ ಜಟ್ಟಿಯ ಮಗಳು, ತೊಡೆಯ ಮೇಲೆ ಸೇವಂತಿಗೆ ಹಾರದ ಕವರು ಇಟ್ಟುಕೊಂಡು.

ಆಟ ಚೆನ್ನಾಗಿಯೇ ನಡೆದಿತ್ತು. ಮುಗಿಯುವ ಹೊತ್ತಿಗೆ ಹುಡುಗ ಹಗ್ಗದ ಮೇಲಿಂದ ಹಾರಿ, ಬೆನ್ನ ಮೇಲೆ ಬೀಳಬೇಕಾದವನು ಭುಜದ ಮೇಲೆ ಬಿದ್ದ. ಜನ ಶಿಳ್ಳೆ ಹೊಡೆದರು. ಜಟ್ಟಿ ಅವನ ಕೈ ಹಿಡಿದು ಅದುಮಿದ. ಹುಡುಗ ತಿರುಗಿ ಅದುಮಲಿಲ್ಲ. ಹೇಗೋ ಎದ್ದು ಮೊಣಕಾಲೂರಿ ಕೂತ. ಒಂದು ತೋಳು ಜೋತುಬಿದ್ದಿತ್ತು. ಎದುರಾಳಿಯನ್ನು ಅಂಗಾತ ಕೆಡವಿ, ಎರಡೂ ಭುಜ ನೆಲಕ್ಕೆ ಒತ್ತಿ, ರೆಫ್ರಿ ಮೂರು ಎಣಿಸಿದರೆ ಗೆಲುವು. ಆ ಭುಜವನ್ನು ಒತ್ತುವುದೆಂದರೆ ಹುಡುಗ ಚೀರುವುದು ಖಂಡಿತ. ಆಟ ನಿಲ್ಲಿಸಿದರೂ ಅವನ ತಾಯಿಗೆ ಗೊತ್ತಾಗುತ್ತದೆ. ಜಟ್ಟಿ ಒಮ್ಮೆ ಮುಂದಿನ ಸಾಲಿನ ಕಡೆ ನೋಡಿದ.

ಅವನು ಬೇಕೆಂದೇ ಹುಡುಗನ ಕಾಲಿಗೆ ಎಡವಿ, ದಢ್ ಎಂದು ಅಂಗಾತ ಬಿದ್ದ. ಹುಡುಗನ ನೆಟ್ಟಗಿದ್ದ ಕೈಯನ್ನು ಎಳೆದು ತನ್ನ ಎದೆಯ ಮೇಲೆ ಹಾಕಿಕೊಂಡ. ರೆಫ್ರಿ ಮೂರು ಎಣಿಸಿದ. ಜಟ್ಟಿ ಮಲಗಿದಲ್ಲಿಂದಲೇ ನನ್ನ ಕಡೆ ನೋಡಿ, ಹೇಳಿ ಎನ್ನುವಂತೆ ಕತ್ತು ಆಡಿಸಿದ. ನಾನು ಹುಡುಗನ ಹೆಸರು ಕೂಗಿದೆ. ಹುಡುಗ ಒಳ್ಳೆಯ ಕೈ ಎತ್ತಿ ತೋರಿಸಿ, ಹಲ್ಲುಕಚ್ಚಿ ಒಳಗೆ ನಡೆದ. ಅವನ ತಾಯಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಮಗು ಹಾರದ ಕವರನ್ನು ಕುರ್ಚಿಯ ಮೇಲೇ ಬಿಟ್ಟು ಹೊರಟುಹೋಯಿತು.

ತಾಯಿಗೆ ತಿಳಿಯದ ಹಾಗೆ ಆಸ್ಪತ್ರೆಯಲ್ಲಿ ಹುಡುಗನ ಭುಜ ಕೂರಿಸುತ್ತಿದ್ದಾಗ ಹೊರಗೆ ಬೆಂಚಿನ ಮೇಲೆ ನಾನು ಜಟ್ಟಿಯ ಜೊತೆ ಜಗಳವಾಡಿದೆ. "ಮಗೂಗಾದ್ರೂ ನಿಜ ಹೇಳೋ!"

"ಹೇಳಿದ್ರೆ ಅವಳು ಸ್ಕೂಲಲ್ಲೆಲ್ಲಾ ಹೇಳ್ತಾಳೆ, ಹುಡುಗನ ಅಮ್ಮಂಗೆ ತಲುಪುತ್ತೆ. ಆ ಹುಡುಗಂಗೆ ಇದು ಬಿಟ್ರೆ ಬೇರೇನೂ ಬೇಡ ಅಕ್ಕ. ಅಲ್ದೆ, ಸೋತವನು ಕಾರಣ ಹೇಳ್ಬಾರ್ದು."

ಮಗಳು ಮತ್ತೆ ಅವನ ಆಟಕ್ಕೆ ಬರಲಿಲ್ಲ. ಅವನೂ ಕರೆಯಲಿಲ್ಲ. ಅವನಿಗೆ ಅದು ಎಷ್ಟು ನೋಯುತ್ತಿತ್ತೆಂದು ನನಗೆ ಗೊತ್ತು, ಏಕೆಂದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯನ್ನು ಯಾರಿಗೂ ಕೊಡಲು ಬಿಡುತ್ತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅವನ ಎದೆಬಡಿತ ನಿಂತುಹೋಯಿತು. ಅಷ್ಟು ಸಲ ಬಿದ್ದು ಎದ್ದವನು ಅವತ್ತು ಏಳಲಿಲ್ಲ. ತಿಥಿಯ ದಿನ ಲಗ್ಗೆರೆಯ ಮನೆಗೆ ಹೋದಾಗ ಆ ಕೆಂಗೇರಿ ಹುಡುಗನೂ ಬಂದಿದ್ದ. ಈಗ ದೊಡ್ಡ ಹೆಸರು ಮಾಡಿದ್ದಾನೆ, ಪುಣೆ, ದೆಹಲಿ ಎಂದೆಲ್ಲ ಓಡಾಡುತ್ತಾನೆ. ಅವನು ಜಟ್ಟಿಯ ಫೋಟೋದ ಮುಂದೆ ಕೂತು ಜಟ್ಟಿಯ ಮಗಳಿಗೆ ಆ ದಿನ ನಡೆದದ್ದೆಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಮಗುವಿನ ಹಾಗೆ ಅತ್ತ.

ಅಷ್ಟರಲ್ಲಿ ಪಿಯುಸಿಗೆ ಬಂದಿದ್ದ ಆ ಮಗಳು ಅಳಲಿಲ್ಲ. ಎದ್ದು ಬಂದು ನನ್ನ ಪಕ್ಕ ಕೂತಳು.

"ಆಂಟಿ, ಅವತ್ತು ಅಪ್ಪ ಗೆಲ್ತಾರೆ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ."

"ಏನಂತ ಹೇಳ್ಬೇಕು ಅಂದ್ಕೊಂಡಿದ್ರಿ?"

ಬಂದವರೆಲ್ಲ ಎಲೆಯ ಮುಂದೆ ಕೂತಿದ್ದರು. ನಾನು ಎದ್ದು ನಿಂತೆ, ಮೈಕಿನಲ್ಲಿ ಹೇಳುವ ಗಂಟಲಲ್ಲೇ ಹೇಳಿದೆ: "ಲಗ್ಗೆರೆಯ ಜಟ್ಟಿ, ಮುಂದಿನ ಸಾಲಿನಲ್ಲಿ ಕೂತಿರುವ ಪುಟ್ಟಿಯ ಅಪ್ಪ, ಗೆದ್ದಿದ್ದಾನೆ!" ಬಡಿಸುತ್ತಿದ್ದವರ ಕೈ ನಿಂತಿತು. ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು.

ಹುಡುಗಿ ನನ್ನ ಸೆರಗು ಹಿಡಿದು, "ಇನ್ನೊಂದ್ಸಲ ಹೇಳಿ ಆಂಟಿ," ಎಂದಳು.

ನಾನು ಬಾಗಿಲಲ್ಲಿ ನಿಂತವರ ಕಡೆ ತಿರುಗಿದೆ. ಇನ್ನೂ ಜೋರಾಗಿ ಹೇಳಿದೆ.