ಇರುತಮ್ಮನ ಒಣ ತಾಕುಗಳು

ಹಿರುತ್ "ತಿಂಡಿ ಆಯ್ತಾ?" ಎಂದು ಕೇಳಿದರೆ ಉತ್ತರ ಸಿಗುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ನಾವೆಲ್ಲ ಆ ಪ್ರಶ್ನೆಗೆ "ಹ್ಞೂಂ, ಆಯ್ತು" ಎಂದು ನಡೆಯುತ್ತಲೇ ಹೇಳಿ ಮುಂದೆ ಹೋಗುವ ಜನ. ಅವಳು ಬಿಡುತ್ತಿರಲಿಲ್ಲ. "ಏನು ತಿಂಡಿ?" ಉಪ್ಪಿಟ್ಟು ಎಂದರೆ, "ಯಾರು ಮಾಡಿದರು?" ನಾನೇ ಎಂದರೆ, "ಚೆನ್ನಾಗಿತ್ತಾ?" ಕೊನೆಕೊನೆಗೆ ನಮ್ಮ ಗೇಟಿನ ವಾಚ್‌ಮನ್ ಅವಳನ್ನು ದೂರದಲ್ಲಿ ಕಂಡ ಕೂಡಲೇ ತಾನಾಗಿಯೇ ಕೂಗುತ್ತಿದ್ದ: "ಅವಲಕ್ಕಿ ಕಣಮ್ಮಾ! ನಮ್ಮನೆಯೋಳು ಮಾಡಿದ್ದು! ಉಪ್ಪು ಜಾಸ್ತಿ!"

ಅವಳು ಇಥಿಯೋಪಿಯಾದವಳು. ರಾಗಿಯ ಮೇಲೆ ಸಂಶೋಧನೆ ಮಾಡಲು ಬಂದಿದ್ದಳು. ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಇರುವ ಒಂದು ಸಂಶೋಧನಾ ತೋಟದಲ್ಲಿ ಅವಳ ಪ್ರಯೋಗ. ಅಲ್ಲಿ ನಾನು ಕ್ಷೇತ್ರ ಸಹಾಯಕ. ಪಂಪ್ ಮನೆಯ ಬೀಗದ ಕೈ, ಕೆಲಸಗಾರರ ಹಾಜರಿ, ಯಾವ ತಾಕಿಗೆ ಯಾವ ದಿನ ನೀರು, ಇಷ್ಟು ನನ್ನ ಜವಾಬ್ದಾರಿ. ತಾಕು ಎಂದರೆ ಪ್ರಯೋಗಕ್ಕೆಂದು ಅಳೆದು, ಸುತ್ತ ಬದು ಹಾಕಿದ ಸಣ್ಣ ತುಂಡು ನೆಲ.

ಯಲಹಂಕದಲ್ಲಿ ಅವಳಿಗೆ ಕನ್ನಡ ಕಲಿಯುವುದು ಕಷ್ಟವಾಗಿತ್ತು. ಯಾರೂ ಅವಳ ಜೊತೆ ಕನ್ನಡ ಆಡುತ್ತಿರಲಿಲ್ಲ. ಅವಳು ಕನ್ನಡದಲ್ಲಿ ಟೊಮೆಟೊ ಕೇಳಿದರೆ ಅಂಗಡಿಯವನು ಇಂಗ್ಲಿಷಿನಲ್ಲಿ ಬೆಲೆ ಹೇಳುತ್ತಿದ್ದ. ರೂಮಿನ ಹುಡುಗಿಯರದು ಹಿಂದಿ. "ಅಣ್ಣ, ನಿಮ್ಮ ಊರಿನವರು ತುಂಬಾ ಒಳ್ಳೆಯವರು, ಅದಕ್ಕೇ ನನಗೆ ಕನ್ನಡ ಬರ್ತಿಲ್ಲ" ಎಂದಳು ಒಮ್ಮೆ. ನಮ್ಮ ಹೊಲದಲ್ಲಿ ಕಳೆ ಕೀಳುವ ಹೆಂಗಸರಿಗೆ ಮಾತ್ರ ಬೇರೆ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ತನ್ನ ಅಳತೆಯ ಕೆಲಸ ಮುಗಿದ ಮೇಲೆ ಅವಳೂ ಅವರ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಳು.

ಆ ಸಾಲಿನ ಹಿರಿಯಳು ಅಕ್ಕಯ್ಯಮ್ಮ, ಪಕ್ಕದ ಹಳ್ಳಿಯವಳು. ಹಿರುತ್ ಎಂಬ ಹೆಸರು ಅವಳ ಬಾಯಲ್ಲಿ ಮೊದಲ ದಿನವೇ 'ಇರುತಮ್ಮ' ಆಯಿತು. ನಾನು ಗದಗಿನ ಕಡೆಯವನು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಮಾತಿಗೆ 'ರೀ' ಅಂಟಿಕೊಂಡೇ ಇದೆ. ನಮ್ಮಿಬ್ಬರಿಂದಲೂ ಕಲಿತ ಹಿರುತ್ ಒಂದು ಬೆಳಿಗ್ಗೆ ಪಂಪ್ ಮನೆಯ ಮುಂದೆ ನಿಂತು, "ಬೀಗ ತೆಗೆದು ಬುಡ್ರಿ" ಎಂದಾಗ ಹೆಂಗಸರು ಕುಡುಗೋಲು ಕೆಳಗಿಟ್ಟು ನಕ್ಕರು. ಅವಳು ನಗು ಮುಗಿಯುವವರೆಗೆ ಕಾದು, "ಸರಿ, ಈಗ ತೆಗೀರಿ" ಎಂದಳು.

ಅವಳ ನಾಡಿನಲ್ಲೂ ರಾಗಿ ಇದೆ ಎಂಬುದನ್ನು ಅಕ್ಕಯ್ಯಮ್ಮ ಸುಲಭಕ್ಕೆ ನಂಬಲಿಲ್ಲ.

"ರಾಗಿ ನಮ್ದು ಕಣ್ ಕೂಸೆ. ನಿಮ್ಮೂರ್ಗೆ ಯಾರ್ ತಗಂಡ್ ಓದ್ರು?"

"ಇಲ್ಲ ಅಕ್ಕಯ್ಯಮ್ಮ. ತುಂಬಾ ತುಂಬಾ ಹಿಂದೆ, ನಮ್ಮ ಕಡೆಯಿಂದ ನಿಮ್ಮ ಕಡೆಗೆ ಬಂತು."

ಅಕ್ಕಯ್ಯಮ್ಮ ನನ್ನ ಮುಖ ನೋಡಿದಳು. ಹೌದು, ಓದಿದವರು ಹಾಗೇ ಹೇಳುತ್ತಾರೆ ಎಂದೆ. ಮಧ್ಯಾಹ್ನದ ಊಟದವರೆಗೂ ಅವಳು ತಲೆ ಬಗ್ಗಿಸಿ ಕಳೆ ಕಿತ್ತಳು. ಆಮೇಲೆ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಹಿರುತ್‌ಗೆ ಕೊಟ್ಟು, "ಅಂಗಾರೆ ನೀನು ರಾಗಿ ತವರ್ನೋಳು. ತಿನ್ನು" ಎಂದಳು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹಿರುತ್‌ಳ ಊರಲ್ಲಿ ಮಳೆ ಕೈಕೊಡುತ್ತಿತ್ತು. ನೀರಿಲ್ಲದಿದ್ದರೆ ಯಾವ ತಳಿಯ ರಾಗಿ ತಾಳುತ್ತದೆ ಎಂದು ತಿಳಿಯುವುದಕ್ಕೇ ಅವಳು ಇಷ್ಟು ದೂರ ಬಂದದ್ದು. ಬೇಸಿಗೆಯಲ್ಲಿ ಹನ್ನೆರಡು ತಾಕುಗಳಲ್ಲಿ ಎಂಟೆಂಟು ತಳಿ ಬಿತ್ತಿದ್ದಳು. ತೆನೆ ಹೊರಡುವ ಹೊತ್ತಿಗೆ ಆರಕ್ಕೆ ನೀರು ಕೊಡುವುದು, ಉಳಿದ ಆರಕ್ಕೆ ಇಪ್ಪತ್ತೊಂದು ದಿನ ಒಂದು ಹನಿಯೂ ಕೊಡದಿರುವುದು. ಜುಲೈಗೆ ಅವಳ ತಂಗಿಯ ಮದುವೆ. ಅಷ್ಟರಲ್ಲಿ ಲೆಕ್ಕ ಮುಗಿಸಿ ಊರಿಗೆ ಹೋಗಬೇಕೆಂದು ಟಿಕೆಟ್ಟೂ ಮಾಡಿಸಿದ್ದಳು.

ಆ ಆರು ತಾಕಿಗೆ ನೀರು ಬಿಡಬಾರದು ಎಂದು ನಾನು ಕೆಲಸಗಾರರಿಗೆ ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಂದೂ ಹೇಳಿದವನಲ್ಲ.

ನೀರು ನಿಲ್ಲಿಸಿದ ಹನ್ನೊಂದನೆಯ ದಿನ ಬೆಳಿಗ್ಗೆ ಆರೂವರೆಗೆ ಹೋದಾಗ ಪಂಪ್ ಓಡುತ್ತಿತ್ತು. ಹೆಂಗಸರು ಬೇಗ ಬಂದರೆ ಕಾಯದಿರಲಿ ಎಂದು ಬೀಗದ ಕೈಯನ್ನು ಕಿಟಕಿಯ ಮೇಲೆ ಇಡುವುದು ನನ್ನ ಅಭ್ಯಾಸ, ನಿಯಮಕ್ಕೆ ವಿರುದ್ಧ. ಅಕ್ಕಯ್ಯಮ್ಮ ಒಣ ತಾಕಿನ ಬದುವಿನ ಮೇಲೆ ಪೈಪು ಹಿಡಿದು ನಿಂತಿದ್ದಳು. ಎರಡು ತಾಕು ನೆನೆದಿದ್ದವು.

"ಶ್ಯಾನೆ ಬಾಡೋಗಿತ್ತು ಸಾ. ತವರಿಂದ ಬಂದಿರೋ ಕೂಸು ಬಿತ್ತಿರೋ ಪೈರು. ಒಣಗಾದ್ ನೋಡ್ಕಂಡ್ ಎಂಗಿರಾದು?"

ನಾನು ಪಂಪ್ ನಿಲ್ಲಿಸಿದೆ. "ಸಾಕು. ಯಾರಿಗೂ ಹೇಳಬ್ಯಾಡ" ಎಂದೆ. ಅಷ್ಟೇ ಹೇಳಿದ್ದು. ವಿಷಯ ಹೊರಬಿದ್ದರೆ ಅವಳನ್ನು ಕೆಲಸದಿಂದ ತೆಗೆಯುತ್ತಾರೆ. ಬೀಗದ ಕೈ ಎಲ್ಲಿತ್ತು ಎಂದೂ ಕೇಳುತ್ತಾರೆ. ಎರಡನ್ನೂ ಯೋಚಿಸಿದೆ. ಯಾವುದನ್ನು ಮೊದಲು ಯೋಚಿಸಿದೆ ಎಂಬುದೂ ನನಗೆ ನೆನಪಿದೆ.

ನನ್ನ ಮಾತನ್ನು ಅಕ್ಕಯ್ಯಮ್ಮ ಒಪ್ಪಿಗೆ ಎಂದೇ ತಿಳಿದಳು. ಮುಂದಿನ ಎರಡು ದಿನ ನನಗಿಂತ ಮೊದಲೇ ಬಂದು, ನನಗೆ ತೊಂದರೆಯಾಗದಂತೆ ಪಂಪ್ ಮುಟ್ಟದೆ, ಉಳಿದ ನಾಲ್ಕಕ್ಕೂ ಬಿಂದಿಗೆಯಲ್ಲಿ ನೀರು ಹೊಯ್ದಳು.

ಆ ಮೂರು ದಿನವೂ ಹಿರುತ್ ಎಲೆಗಳನ್ನು ಅಳೆದಳು. ಬಿಸಿಲೇರಿದ ಮೇಲೆ ಅವಳು ಅಳೆಯುವ ಹೊತ್ತಿಗೆ ಮೇಲ್ಮಣ್ಣು ಆರಿರುತ್ತಿತ್ತು. ಸುರುಳಿ ಸುತ್ತಿದ್ದ ಎಲೆ ಬಿಚ್ಚಿಕೊಳ್ಳುತ್ತಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದಳು. ಮತ್ತೆ ಅಳೆದಳು. ಬಿಸಿಲಿನಲ್ಲಿ ಊಟ ಬಿಟ್ಟು ಅಳೆದಳು. "ಅಣ್ಣ, ನಾನೇ ಎಲ್ಲೋ ತಪ್ಪು ಮಾಡಿದ್ದೀನಿ" ಎಂದಳು. ನಾನು ಹಾಜರಿ ಪುಸ್ತಕ ನೋಡುತ್ತಿದ್ದೆ.

ಕೊನೆಗೆ ಹೇಳಿದವಳು ಅಕ್ಕಯ್ಯಮ್ಮನೇ, ಅದೂ ಹೆಮ್ಮೆಯಿಂದ. "ಇನ್ನೇನ್ ಅಳೀತೀಯೆ? ಎಂಗ್ ಚಿಗುರ್ತು ನೋಡು! ನಾನೇ ನೀರ್ ಬುಟ್ಟಿದ್ದು."

ಹಿರುತ್ ಬದುವಿನ ಮೇಲೆ ಕೂತಳು. ಅಳಲಿಲ್ಲ. ಒಂದೊಂದೇ ಮಾತು ಹುಡುಕಿ ಹೇಳಿದಳು: "ಅಕ್ಕಯ್ಯಮ್ಮ, ನಮ್ಮೂರಲ್ಲಿ ಮಳೆ ಇಲ್ಲ. ಯಾವ ರಾಗಿ ಬದುಕುತ್ತೆ, ಯಾವುದು ಸಾಯುತ್ತೆ, ನೋಡಬೇಕು. ಇಲ್ಲಿ ಸಾಯೋದು ಸಾಯಬೇಕು. ಇಲ್ಲಿ ಸಾಯದಿದ್ರೆ ಅಲ್ಲಿ ಸಾಯುತ್ತೆ."

ಅಕ್ಕಯ್ಯಮ್ಮನ ಮುಖ ನಿಧಾನಕ್ಕೆ ಇಳಿಯಿತು. "ಯಾರೂ ಯೋಳ್ಲಿಲ್ವಲ್ಲ ಮಗಾ" ಎಂದಳು. ನನ್ನ ಕಡೆ ನೋಡಲಿಲ್ಲ.

ಹಿರುತ್ ನೋಡಿದಳು. "ನಿಮಗೆ ಗೊತ್ತಿತ್ತಾ ಅಣ್ಣ?"

"ಗೊತ್ತಿತ್ತು."

ಮಾರನೆಯ ದಿನ ಅವಳ ಗೈಡ್ ಮೇಡಂ ಕೋಣೆಯಲ್ಲಿ ನಾನೂ ಬಾಗಿಲ ಬಳಿ ನಿಂತಿದ್ದೆ. ಹಿರುತ್ ಹೇಳಿದಳು: "ಒಣ ತಾಕಿಗೆ ನೀರು ಬಿದ್ದಿದೆ ಮೇಡಂ. ಯಾರು ಅಂತ ಹೇಳಲ್ಲ. ಕೆಲಸ ಮಾಡೋರಿಗೆ ಅದು ಏನು ಪ್ರಯೋಗ ಅಂತ ನಾನು ಹೇಳಿರಲಿಲ್ಲ. ತಪ್ಪು ನನ್ನದು." ಕೆಲಸಗಾರರಿಗೆ ಅದನ್ನು ಹೇಳಬೇಕಾದವನು ನಾನಾಗಿದ್ದೆ. ನನಗೆ ಕನ್ನಡ ಬರುತ್ತಿತ್ತು. ಬಾಗಿಲ ಬಳಿ ನಿಂತೇ ಇದ್ದೆ.

ಪ್ರಯೋಗವನ್ನು ಮತ್ತೆ ಮೊದಲಿನಿಂದ, ಈ ಸಲ ಚೀಲಗಳಲ್ಲಿ ಮಣ್ಣು ತುಂಬಿ, ಮಳೆ ಬೀಳದಂತೆ ಪ್ಲಾಸ್ಟಿಕ್ ಚಾವಣಿಯ ಕೆಳಗೆ ನಡೆಸಿದಳು. ಟಿಕೆಟ್ಟು ರದ್ದಾಯಿತು. ತಂಗಿಯ ಮದುವೆಯನ್ನು ಆ ಚಾವಣಿಯ ಕೆಳಗೇ ಫೋನಿನಲ್ಲಿ ನೋಡಿದಳು. ಹೆಂಗಸರೆಲ್ಲ ಸುತ್ತ ಕೂತಿದ್ದರು. "ಗಂಡು ಸಣ್ಣಕ್ಕವ್ನೆ" ಎಂದು ಒಬ್ಬಳು. "ಮದ್ವೆ ಆದ್ಮೇಲ್ ಊದ್ಕತಾನೆ ಬುಡು" ಎಂದು ಅಕ್ಕಯ್ಯಮ್ಮ. ಹಿರುತ್ ನಕ್ಕಳು. ಫೋನು ನಿಂತ ಮೇಲೆ ಎದ್ದು ಹೋಗಿ ಚೀಲಗಳ ಹಿಂದೆ ಬಹಳ ಹೊತ್ತು ನಿಂತಿದ್ದಳು.

ಒಣ ಚೀಲಗಳಿಗೆ ಕಾವಲು ಅಕ್ಕಯ್ಯಮ್ಮನೇ. ಹತ್ತಿರ ಯಾರಾದರೂ ನೀರಿನ ಬಾಟಲಿ ಹಿಡಿದು ಹೋದರೂ ಗದರುತ್ತಿದ್ದಳು. ಎಲೆ ಒಣಗಿ ಗರಿಗರಿಯಾದಾಗ ಮುಖ ಆ ಕಡೆ ತಿರುಗಿಸಿ, "ಸಾಯ್ಲಿ ಬುಡು, ಅದ್ರ ಅಣೆಬರ" ಎನ್ನುತ್ತಿದ್ದಳು. ಎಂಟು ತಳಿಗಳಲ್ಲಿ ಮೂರು ಉಳಿದವು.

ಸೆಪ್ಟೆಂಬರಿನಲ್ಲಿ ಹಿರುತ್ ಹೊರಟಳು. ಯಲಹಂಕದಲ್ಲಿ ವಿಮಾನ ನಿಲ್ದಾಣದ ಬಸ್ಸು ನಿಲ್ಲುವಲ್ಲಿಗೆ ಅವಳ ಪೆಟ್ಟಿಗೆ ಹೊತ್ತು ನಾನೂ ಹೋದೆ. ತಪ್ಪಾಯಿತು ಎಂದು ಹೇಳಲು ನಾಲ್ಕೈದು ತಿಂಗಳಿಂದ ಮಾತು ಜೋಡಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ಅಣ್ಣ, ನೀವು ಅವತ್ತು ಸುಮ್ಮನಿದ್ದಿದ್ದು ಅಕ್ಕಯ್ಯಮ್ಮನ ಕೆಲಸ ಉಳಿಸೋಕೆ ಅಲ್ವಾ."

ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ನಂದೂ" ಎಂದೆ. "ನನ್ನ ಕೆಲಸಾನೂ."

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.

"ಅದೂ ಗೊತ್ತು" ಎಂದಳು.

ಬಸ್ಸು ಬಂತು. ಪೆಟ್ಟಿಗೆ ಎತ್ತಿ ಒಳಗಿಟ್ಟು ಇಳಿದೆ.