ಇಂಜಿನ್ನಿಗೆ ಒಂದು ಬನ್ನಿ ಎಲೆ

ಸಮುದ್ರವನ್ನೇ ಕಾಣದ ಮುಧೋಳದಲ್ಲಿ ಹಡಗಿನ ಇಂಜಿನ್ನಿಗೇನು ಕೆಲಸ ಎಂದು ನಗುವವರು ಲೋಕಾಪುರದ ರಸ್ತೆಯಲ್ಲಿ ಇಂದಿಗೂ ಇದ್ದಾರೆ. ನಗಲಿ. ಕಬ್ಬು ಇಲ್ಲಿದೆ, ಅರೆದು ಉಳಿದ ಸಿಪ್ಪೆಯೂ ಇಲ್ಲಿದೆ. ಆ ಸಿಪ್ಪೆಯಿಂದ ಮೆಥನಾಲ್ ತೆಗೆದು, ಡೀಸೆಲ್ಲಿನ ಬದಲು ಅದನ್ನೇ ಕುಡಿಸಿ ದೊಡ್ಡ ಇಂಜಿನ್ನು ಓಡಿಸಬಹುದೇ ಎಂಬ ಪರೀಕ್ಷೆ ಇಲ್ಲಿಯ ಒಂದು ಶೆಡ್ಡಿನಲ್ಲಿ ನಡೆದಿದೆ. ಗೆದ್ದರೆ ಹಡಗುಗಳ ಹೊಗೆಯೂ ಕರೆಂಟು ತೆಗೆಯುವ ಕೇಂದ್ರಗಳ ಹೊಗೆಯೂ ಕಡಿಮೆಯಾಗುತ್ತದಂತೆ. ಆ ಇಂಜಿನ್ನನ್ನು ನೋಡಿಕೊಳ್ಳುತ್ತಿದ್ದವನು ಗಿರಮಲ್ಲಪ್ಪ.

ಅದು ಡೀಸೆಲ್ ಕುಡಿಯುತ್ತಿದ್ದ ಕಾಲದಿಂದಲೂ ಅವನು ಅದರ ಹಿಂದೆಯೇ. ಹೆಂಡತಿ ಗುರುಬಸವ್ವ ಬುತ್ತಿ ತಂದಾಗಲೆಲ್ಲ ಇಂಜಿನ್ನಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ನನ್ನ ಸವತಿ ಹೇಗಿದ್ದಾಳೆ ಎಂದು ಚಾಷ್ಟಿ ಮಾಡುತ್ತಿದ್ದಳು. ಮಕ್ಕಳಾಗಲಿಲ್ಲ. ಅವಳು ತೀರಿಕೊಂಡ ಮೇಲೆ ಊದಿನಕಡ್ಡಿ ಅವನ ಕೈಗೆ ಬಂತು. ದಿನಕ್ಕೊಮ್ಮೆ ಇಂಜಿನ್ನಿನ ಮುಂದೆ ಅದನ್ನು ಹಚ್ಚಿ, ಏನು ಉಂಡೆ, ಯಾರು ಸಿಕ್ಕಿದ್ದರು ಎಂದು ಅವಳಿಗೆ ಹೇಳುತ್ತಿದ್ದ. ಬಾಯಿಬಿಟ್ಟು ಮಾತಾಡುವುದೇನಿದ್ದರೂ ಅಷ್ಟೇ. ಮನೆಗೆ ಹೋದರೆ ಗೋಡೆ.

ಪರೀಕ್ಷೆ ಶುರುವಾದಾಗ ಎಂಜಿನಿಯರ್ ಶೀತಲ, ಬನಹಟ್ಟಿಯ ಹುಡುಗಿ, ಅವನ ಕಡ್ಡಿಪೆಟ್ಟಿಗೆಯನ್ನು ಹೊರಗೇ ಇಡಿಸಿದಳು. ಮೆಥನಾಲಿಗೆ ಬೆಂಕಿ ಹತ್ತಿದರೆ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಹೊಗೆಯೂ ಇರುವುದಿಲ್ಲ ಎಂದು ತಿಳಿಸಿ ಹೇಳಿದಳು. ಅವನು ಹೂಂ ಎಂದ. ಅವತ್ತಿನಿಂದ ಅವನ ಮಾತೂ ನಿಂತಿತು. ಊದಿನಕಡ್ಡಿ ಇಲ್ಲದೆ ಗುರುಬಸವ್ವ ಬರುತ್ತಾಳೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ನವಮಿಯ ಖಂಡೆಪೂಜೆ, ಅದೇ ಆಯುಧಪೂಜೆ, ಬಂತು. ಆ ದಿನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ ಎಲ್ಲ ಪೂಜೆಗೆ ಕೂರುತ್ತವೆ, ಯಾರೂ ಮುಟ್ಟುವುದಿಲ್ಲ. ಇಂಜಿನ್ನಿಗೆ ಚೆಂಡುಹೂವಿನ ಮಾಲೆ ಹಾಕಿ ಎಲ್ಲರೂ ಊಟಕ್ಕೆ ಹೋದರು. ಗಿರಮಲ್ಲಪ್ಪ ಒಬ್ಬನೇ ಉಳಿದ. ನಿಂತ ಇಂಜಿನ್ನಿಗೆ ಏನಾದೀತು ಎಂದುಕೊಂಡ. ಅದು ಡೀಸೆಲ್ಲಿನ ಕಾಲದ ಬುದ್ಧಿ. ಹೊರಗಿಟ್ಟಿದ್ದ ಕಡ್ಡಿಪೆಟ್ಟಿಗೆ ತಂದು, ಊದಿನಕಡ್ಡಿ ಹಚ್ಚಲು ಕಡ್ಡಿ ಗೀರಿದ.

ಫಿಲ್ಟರಿನ ಕೆಳಗಿನ ತಟ್ಟೆಯಲ್ಲಿ ಮೆಥನಾಲ್ ತೊಟ್ಟಿಕ್ಕಿ ನಿಂತಿತ್ತು. ಬೆಂಕಿ ಹತ್ತಿದ್ದು ಅವನಿಗೆ ಕಾಣಲಿಲ್ಲ. ಮಾಲೆಯ ಹೂಗಳು ತಾವಾಗಿಯೇ ಸುರುಟಿಕೊಂಡು ಕಪ್ಪಾಗತೊಡಗಿದವು. ಆಮೇಲೆ ಅಂಗೈ ಚುರ್ ಎಂದಿತು. ಬಾಗಿಲ ಬಳಿಯ ಬ್ಯಾರಲ್ಲಿನಿಂದ ನೀರು ತಂದು ಸುರಿದ. ಆರಿತೋ ಇಲ್ಲವೋ ತಿಳಿಯದೆ, ಬ್ಯಾರಲ್ ಬರಿದಾಗುವ ತನಕ ಸುರಿದ.

ಯಾರೂ ನೋಡಿರಲಿಲ್ಲ. ಸುಟ್ಟ ಮಾಲೆ ಎಸೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪೈಪು ಎಲ್ಲಾದರೂ ಕಾದು ಸಡಿಲಾಗಿದ್ದರೆ ನಾಳೆ ಇಂಜಿನ್ನಿನ ಜೊತೆ ಹುಡುಗಿಯೂ ಸುಟ್ಟುಹೋದಾಳು ಎಂಬ ದಿಗಿಲು ಹತ್ತಿ, ತಾನೇ ಫೋನು ಮಾಡಿದ. ಶೀತಲ ಓಡಿಬಂದಳು. ಅವನ ಕೈಗೆ ಪಟ್ಟಿ ಕಟ್ಟಿದಳು, ಪೂಜೆಗಿಟ್ಟ ಪಾನಾವನ್ನೇ ಎತ್ತಿಕೊಂಡು ಪೈಪು ಬಿಚ್ಚಿ ನೋಡಿದಳು. ಆಮೇಲೆ ಶೆಡ್ಡಿನ ಚಾವಿ ಕೇಳಿದಳು. ಇನ್ನು ಗೇಟಿನ ಕೆಲಸ, ಒಳಗೆ ಬರುವಂತಿಲ್ಲ ಎಂದಳು. ಅವಳದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನೂ ಅನ್ನಲಿಲ್ಲ.

ಮರುದಿನ ದಶಮಿ. ಊರೆಲ್ಲ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ಹೊತ್ತು. ಗೇಟಿನಲ್ಲಿ ಕೂತವನನ್ನು ಹುಡುಕಿಕೊಂಡು ಯಾರು ಬರಬೇಕು? ಗುರುಬಸವ್ವ ಹೋದಮೇಲೆ ಅವನಿಗೆ ಬನ್ನಿ ಕೊಟ್ಟವರೇ ಇಲ್ಲ. ಹೊತ್ತು ಇಳಿಯುವಾಗ, ಇಂಜಿನ್ನು ಮತ್ತೆ ಶುರುಮಾಡಲು ಬಂದ ಶೀತಲ ಗಾಡಿ ನಿಲ್ಲಿಸಿ, ಎಲೆ ಕೊಟ್ಟು ಅವನ ಕಾಲು ಮುಟ್ಟಿದಳು.

"ಬಂಗಾರ ತಗೋರಿ ಕಾಕಾ. ಬಂಗಾರದಂಗ ಇರೂಣು. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಸಿಟ್ಟು ಎಲ್ಲಿಂದ ಬರಬೇಕು, ಅವನಿಗೆ ಅಳು ಬಂದಿತ್ತು. ಪಟ್ಟಿ ಕಟ್ಟಿದ ಕೈಯಿಂದಲೇ ಒಂದು ಎಲೆ ಬಿಡಿಸಿ ಅವಳ ಮುಂದೆ ಹಿಡಿದ.

"ಇದನ್ನ ಇಂಜಿನ್ನಿಗೆ ಕೊಡ್ರಿ. ಗುರುಬಸವ್ವ ಕೊಟ್ಟಾಳ ಅಂತ ಹೇಳ್ರಿ. ಮನಸಿನ್ಯಾಗ ಅಲ್ಲ, ಬಾಯಿಬಿಟ್ಟು ಹೇಳ್ರಿ."

ಶೀತಲ ಎಲೆ ತೆಗೆದುಕೊಂಡು ಒಳಗೆ ಹೋದಳು. ಇಂಜಿನ್ನು ಶುರುವಾಗುವುದು ತಡವಾಯಿತು. ಅಷ್ಟು ಹೊತ್ತು ಅವಳು ಹೇಳುತ್ತಿರಬೇಕು ಎಂದುಕೊಂಡು ಗಿರಮಲ್ಲಪ್ಪ ಗೇಟು ಹಿಡಿದು ನಿಂತೇ ಇದ್ದ.