ಗಲ್ಲಾದ ಹಿಂದಿನ ಆರಡಿ

ಮೊದಲ ಸಲ ದಮ್ಮು ಕಟ್ಟಿದ್ದು ಹೋಟೆಲಿನ ಮೆಟ್ಟಿಲ ಮೇಲೆ. ವಡೋದರಾದ ಫತೇಗಂಜಿನಲ್ಲಿ ನಮ್ಮ ಹೋಟೆಲು, ಮಹಡಿಯಲ್ಲಿ ನನ್ನ ಕೋಣೆ. ಒಂದು ಬೆಳಿಗ್ಗೆ ಹತ್ತುವಾಗ ಅರ್ಧಕ್ಕೇ ನಿಂತುಬಿಟ್ಟೆ. ಅಡುಗೆಯ ವಾಸು ಕೆಳಗಿನಿಂದ ನೋಡಿ ನಕ್ಕ.

"ಐತಾಳ್ರೆ, ಆನಿ ಕಣಂಗ್ ಇದ್ರಿ, ನಿಮ್ಗ್ ಎಂತ ಆತ್ತ್ ಮಾರ್ರೆ?"

ನಾನೂ ನಕ್ಕೆ. ಆನೆಯ ಹಾಗಿದ್ದೀರಿ ಅಂದ ಮೇಲೆ ನಗದೆ ಇನ್ನೇನು ಮಾಡಲಿ?

ಹೆಂಡತಿ ಸುಮತಿ ಹೆಣ್ಣುಮಕ್ಕಳ ಶಾಲೆಗೆಂದು ನಮ್ಮೂರು ಕೋಟದಲ್ಲಿದ್ದಳು. ಹಗಲೆಲ್ಲ ಯುನಿವರ್ಸಿಟಿ ಹುಡುಗರ ಗದ್ದಲ. ಶಟರ್ ಎಳೆದ ಮೇಲೆ ಕೇಳಿಸುವುದು ನನ್ನ ಏದುಸಿರು ಮಾತ್ರ. ಅದನ್ನು ಕೇಳುತ್ತ ಮಲಗಲು ಹೆದರಿಕೆಯಾಗುತ್ತಿತ್ತು.

ನಮ್ಮ ಖಾಯಂ ಗಿರಾಕಿಯೊಬ್ಬರು ಡಾಕ್ಟರು. ಇಡ್ಲಿ ತಿನ್ನದೆ ದವಾಖಾನೆಯ ಬಾಗಿಲು ತೆಗೆದವರಲ್ಲ. ಅವರು ಬರುವಾಗಲೂ ಹೋಗುವಾಗಲೂ ನಾನು ಗಲ್ಲಾದ ಹಿಂದೆ ಕುಳಿತೇ ಇರುತ್ತಿದ್ದೆ. ಹಾಗೆ ಕುಳಿತಿದ್ದಂತೆಯೇ ಒಂದು ದಿನ ನನ್ನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಎದೆಬಡಿತದ ನಡುವೆ ಮರ್ಮರ್ ಅನ್ನುವ ಸದ್ದು ಕೇಳುತ್ತಿದೆ, ಅಹಮದಾಬಾದಿಗೆ ಹೋಗಿ ಹೃದಯದ ಎಕೋ ಮಾಡಿಸಿ ಅಂದರು. ಅದು ಆಗಷ್ಟೇ ಬಂದಿದ್ದ ಪರೀಕ್ಷೆ. ಅಲ್ಲಿ ನನ್ನನ್ನು ಮಂಚದ ಮೇಲೆ ಮಲಗಿಸಿ ವಾಲ್ವಿನ ತೂತು ಅಳೆದು ಕಳಿಸಿದರು. ನಮ್ಮ ಡಾಕ್ಟರು ರಿಪೋರ್ಟನ್ನು ಕಾಫಿ ಕುಡಿಯುತ್ತ ಓದಿದರು.

"ರಾಘವ್‌ಭಾಯ್, ಹೃದಯದಿಂದ ರಕ್ತ ಹೊರಬರುವ ಕಡೆ ವಾಲ್ವ್ ಕಿರಿದಾಗಿದೆ. ಮಾಡರೇಟ್, ಅಷ್ಟೇ. ಅದಕ್ಕೆಲ್ಲ ಇಷ್ಟು ದಮ್ಮು ಬರುವುದಿಲ್ಲ. ಇದೆಲ್ಲ ಇದರ ಕರಾಮತ್ತು," ಎಂದು ನನ್ನ ಹೊಟ್ಟೆ ತೋರಿಸಿದರು. "ತುಪ್ಪ ಬಿಡಿ. ದಿನಾ ನಡೆಯಿರಿ."

ಬಿಟ್ಟೆ. ಘಮಘಮ ಅನ್ನುವ ಹೋಟೆಲಿನಲ್ಲಿ ಕೂತು ಬರೀ ಬೇಯಿಸಿದ ಬೇಳೆ ತಿಂದೆ. ಹೊಟ್ಟೆ ಕರಗಿತು, ದಮ್ಮು ಕರಗಲಿಲ್ಲ. ಟ್ರಂಕ್ ಕಾಲಿನಲ್ಲಿ ಸುಮತಿಯೂ "ಇನ್ನ್ ಚೂರ್ ಇಳ್ಸಿ ಕಾಣಿ" ಅಂದಳು. ಮೈಯೆಲ್ಲ ಉರಿದುಹೋಯಿತು. ಸಣಕಲು ಆಳು ಏದುಸಿರು ಬಿಟ್ಟರೆ ಅಯ್ಯೋ ಪಾಪ ಅನ್ನುತ್ತಾರೆ. ದಪ್ಪಗಿದ್ದವನು ಬಿಟ್ಟರೆ ತಮಾಷೆ. ಯಾರೂ ನಂಬದ ಕಾಯಿಲೆಯಷ್ಟು ಒಂಟಿ ಮಾಡುವುದು ಬೇರೊಂದಿಲ್ಲ. ಕೊನೆಕೊನೆಗೆ ನಾನೇ ನಾಟಕ ಮಾಡುತ್ತಿದ್ದೇನೋ ಎಂಬ ಅನುಮಾನ ನನಗೂ ಬಂತು.

ಒಂದು ಬೆಳಿಗ್ಗೆ ಯುನಿವರ್ಸಿಟಿ ಮೈದಾನದಲ್ಲಿ ನಡೆಯುತ್ತಿದ್ದಾಗ ಕಣ್ಣು ಕತ್ತಲೆ ಬಂತು.

ಎಚ್ಚರವಾದಾಗ ಬಾಯಲ್ಲಿ ಮಣ್ಣು.

ಯಾರಿಗೂ ಹೇಳದೆ ಅಹಮದಾಬಾದಿನ ರೈಲು ಹತ್ತಿದೆ. ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಒಬ್ಬ ಹೆಂಗಸು, ಮಾತು ಕಡಿಮೆ. ನನ್ನ ರಿಪೋರ್ಟನ್ನು ಎರಡು ಸಲ ಓದಿದರು.

"ಎದ್ದು ನಿಲ್ಲಿ."

ನಿಂತೆ. ಅವರು ಕತ್ತೆತ್ತಿ ನೋಡಬೇಕಾಯಿತು. ನಾನು ಆರಡಿಗೂ ಮಿಕ್ಕಿದ ಆಳು, ಊರಲ್ಲಿ ಕಬಡ್ಡಿ ಆಡಿದ ಮೈ. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ತೂಕ ನೋಡಿದರು, ಏನೋ ಲೆಕ್ಕ ಹಾಕಿದರು.

"ಈ ತೂತು ಸಣ್ಣ ಆಳಿಗೆ ಹೇಗೋ ಸಾಕು. ನಿಮ್ಮ ಮೈಗೆ ರಕ್ತ ಹೆಚ್ಚು ಬೇಕು, ಅಷ್ಟೂ ಇದರಲ್ಲೇ ನುಗ್ಗಿ ಬರಬೇಕು. ನಿಮ್ಮ ಮಟ್ಟಿಗೆ ಇದು ಸಿವಿಯರ್. ಬರೀ ಹೊಟ್ಟೆಯಲ್ಲ ಭಾಯ್, ನಿಮ್ಮ ಎಲುಬೇ ದೊಡ್ಡದು. ಆಪರೇಷನ್ ಆಗಬೇಕು. ನಡಿಗೆ ಇವತ್ತೇ ನಿಲ್ಲಿಸಿ."

ನಾನು ಅತ್ತುಬಿಟ್ಟೆ.

ಹೆದರಬೇಡಿ ಅಂದರು. ಹೆದರಿ ಅತ್ತದ್ದಲ್ಲ, ಒಬ್ಬರಾದರೂ ನಂಬಿದರಲ್ಲ ಎಂದು ಅತ್ತದ್ದು. ಅದನ್ನು ಹೇಳುವಷ್ಟು ಹಿಂದಿ ನನಗೆ ಬರಲಿಲ್ಲ.

ಆಪರೇಷನ್ನಿಗೆ ಸುಮತಿ ಓಡಿಬಂದಳು. ಐಸಿಯುವಿನಲ್ಲಿ ನನ್ನ ಪಾದ ಹಿಡಿದುಕೊಂಡು, "ನಾನೂ ಹೊಟ್ಟಿ ಅಂದೆ ಅಲ್ದಾ," ಅಂದಳು. ಬಾಯಲ್ಲಿ ನಳಿಕೆ ಇತ್ತು, ಇಲ್ಲದಿದ್ದರೆ ಬೈಯುತ್ತಿದ್ದೆ. ಮಕ್ಕಳ ಪರೀಕ್ಷೆ ಬಂತು, ಅವಳು ಊರಿಗೆ ಮರಳಿದಳು. ಈಗ ಕೋಣೆಯಲ್ಲಿ ನಾನು ಮತ್ತು ಎದೆಯೊಳಗೆ ಟಿಕ್ ಟಿಕ್ ಅನ್ನುವ ಲೋಹದ ವಾಲ್ವ್. ರಕ್ತ ಹೆಪ್ಪುಗಟ್ಟದಂತೆ ಸಾಯುವ ತನಕ ಮಾತ್ರೆ ನುಂಗಬೇಕು. ಮೆಟ್ಟಿಲು ಹತ್ತುತ್ತೇನೆ, ನಿಧಾನವಾಗಿ. ಅಷ್ಟು ಸಾಕು.

ಮತ್ತೆ ಗಲ್ಲಾಕ್ಕೆ ಬಂದ ದಿನ ಡಾಕ್ಟರು ಇಡ್ಲಿ ಮುಗಿಸಿ ದುಡ್ಡು ಕೊಡಲು ಬಂದರು. ಅವರ ಮೇಲೆ ಸಿಟ್ಟಿತ್ತು. ಆದರೆ ಮರ್ಮರನ್ನು ಮೊದಲು ಕೇಳಿಸಿಕೊಂಡ ಕಿವಿಯೂ ಅವರದೇ. ನಾನು ಮೇಜಿನ ಅಂಚು ಹಿಡಿದು ಮೆಲ್ಲಗೆ ಎದ್ದು ನಿಂತು ಕೈ ಮುಗಿದೆ.

ಅವರು ಕತ್ತೆತ್ತಿ ನೋಡಿದರು. "ಅರೆ ರಾಘವ್‌ಭಾಯ್! ನೀವು ಇಷ್ಟು ಎತ್ತರವೇ?"

"ಹೌದು ಸಾಹೇಬ್," ಅಂದೆ, "ಮೊದಲಿನಿಂದಲೂ."